ಏಳು ಪ್ರಶ್ನೆಗಳು

ಗೌರಿ ಹಬ್ಬಕ್ಕೆಂದು ಅಗರಕ್ಕೆ ಹೋಗಿದ್ದೆ. ಹಬ್ಬದ ಮಾರನೆಯ ರಾತ್ರಿ ಎರಡು ಗಂಟೆಯ ಹೊತ್ತಿಗೆ ಹಿತ್ತಿಲ ಬಾಗಿಲಿನ ಸದ್ದಿಗೆ ಎಚ್ಚರವಾಯಿತು. ಎದ್ದು ನೋಡಿದರೆ ಅಪ್ಪ ನೀರಿನ ತೊಟ್ಟಿಯ ಪಕ್ಕದ ಗೋಡೆ ಹಿಡಿದು ನಿಂತಿದ್ದ. ಮೈಯೆಲ್ಲ ಬೆವರು. ಏನಾಯಿತೆಂದು ಕೇಳಿದರೆ, "ಏನಿಲ್ಲ ಕನ ಕೂಸೆ, ಹೋಗಿ ಮಲಕ್ಕೊ" ಅಂದ. ಅವ್ವ ನನ್ನನ್ನು ಪಕ್ಕಕ್ಕೆ ಕರೆದು ಕಿವಿಯಲ್ಲಿ ಹೇಳಿದಳು: "ಸಂಜೆಯಿಂದ ಒಂದಕ್ಕ ಹೋಗಿಲ್ಲ."

ಚಿಕ್ಕಪ್ಪನ ಓಮ್ನಿಯಲ್ಲಿ ಕೊಳ್ಳೇಗಾಲಕ್ಕೆ ಕರೆದುಕೊಂಡು ಹೋದೆವು. ದಾರಿಯ ಪ್ರತಿ ಹಳ್ಳಕ್ಕೂ ಅಪ್ಪ ಹಲ್ಲು ಕಚ್ಚುತ್ತಿದ್ದ. ಆಸ್ಪತ್ರೆಯಲ್ಲಿ ಪೈಪು ಹಾಕಿದ ಮೇಲೆ ಚೀಲಕ್ಕೆ ಇಳಿದದ್ದು ಒಂಬೈನೂರು ಎಂ.ಎಲ್. ನಾನೂರು, ಐನೂರು ತುಂಬುವಷ್ಟರಲ್ಲೇ ಮನುಷ್ಯ ತಡೆಯಲಾರದೆ ಎದ್ದು ಹೋಗುತ್ತಾನೆ. ಅಪ್ಪನ ಮುಖದ ಗಂಟುಗಳು ಒಂದೊಂದಾಗಿ ಬಿಚ್ಚಿಕೊಂಡವು. ಡ್ಯೂಟಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ: "ನೆಗಡಿಗೆ ಏನಾದರೂ ಮಾತ್ರೆ ತಗೊಂಡಿದ್ರಾ?" ಹೌದು, ಅಂಗಡಿಯಿಂದ ತಂದು ಎರಡು ದಿನ ನುಂಗಿದ್ದ. ಪ್ರಾಸ್ಟೇಟ್ ಗ್ರಂಥಿ ಊದಿದವರಿಗೆ ಕೆಲವು ನೆಗಡಿ ಮಾತ್ರೆಗಳು ಮೂತ್ರಕೋಶದ ಬಾಯನ್ನು ಇನ್ನಷ್ಟು ಬಿಗಿ ಮಾಡಿ ಮೂತ್ರವನ್ನೇ ಕಟ್ಟಿಸಿಬಿಡುತ್ತವಂತೆ. ಎರಡನೆಯ ಪ್ರಶ್ನೆ: "ಎಷ್ಟು ದಿನದಿಂದ ತೊಂದರೆ ಇತ್ತು?" ಅಪ್ಪ ಅವ್ವನ ಮುಖ ನೋಡಿದ. ಅವ್ವ ನೆಲ ನೋಡಿದಳು. ಎರಡು ವರ್ಷ.

ಎರಡು ವರ್ಷದಿಂದ ಅಪ್ಪ ರಾತ್ರಿ ನಾಲ್ಕೈದು ಸಲ ಏಳುತ್ತಿದ್ದನಂತೆ. ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವುದನ್ನು ನಿಲ್ಲಿಸಿದ್ದು ಮಂಡಿ ನೋವಿನಿಂದಲ್ಲ. ತಾಳಬೆಟ್ಟದಿಂದ ಮೇಲೆ ಅಷ್ಟು ಜನರ ನಡುವೆ ಗಳಿಗೆಗೊಮ್ಮೆ ಎಲ್ಲಿ ಮರೆಗೆ ಹೋಗುವುದು ಎಂಬ ಚಿಂತೆಯಿಂದ. ಮೈಸೂರಿಗೆ ನನ್ನನ್ನು ನೋಡಲು ಬರುವಾಗ ಬೆಳಗಿನಿಂದ ನೀರು ಕುಡಿಯುತ್ತಿರಲಿಲ್ಲ, ಬಸ್ಸು ಟಿ. ನರಸೀಪುರದಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆಂದು ಕಂಡಕ್ಟರನ್ನು ಕೇಳುತ್ತಿದ್ದ. ಇದೆಲ್ಲ ನನಗೆ ಆ ರಾತ್ರಿ ತಿಳಿಯಿತು. "ನನಗೆ ಯಾಕೆ ಹೇಳಲಿಲ್ಲ?" ಎಂದು ಅವ್ವನ ಮೇಲೆ ರೇಗಿದೆ. "ಹೆಣ್ ಕೂಸ್ಗ ಹೆಂಗೇಳದು?" ಅಂದಳು.

ಇಲ್ಲಿ ನನ್ನದೊಂದು ಪೆಚ್ಚು ಸಂಗತಿ ಹೇಳಬೇಕು. ಯಳಂದೂರು, ಕೊಳ್ಳೇಗಾಲ ಭಾಗದ ಆಡುಮಾತೇ ನನ್ನ ಸಂಶೋಧನೆಯ ವಿಷಯ. ಮನೆ 'ಮನ' ಆಗುವ, ಕತೆ 'ಕತ' ಆಗುವ ನಮ್ಮ ಮಾತನ್ನು ನಾಲ್ಕು ವರ್ಷದಿಂದ ರೆಕಾರ್ಡು ಮಾಡಿಕೊಂಡು ತಿರುಗುತ್ತಿದ್ದೇನೆ. ಉಳುಮೆಯ ಮಾತು, ಮಗ್ಗದ ಮಾತು, ಒಲೆಯ ಮುಂದಿನ ಮಾತು ಎಲ್ಲ ನನ್ನ ಪಟ್ಟಿಯಲ್ಲಿವೆ. ಸೊಂಟದ ಕೆಳಗಿನ ಮೈಗೆ ಸೇರಿದ ಒಂದು ಪದವೂ ಇಲ್ಲ. ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.

ಮೈಸೂರಿನ ಆಸ್ಪತ್ರೆಗೆ ಹೋಗುವ ಮುಂಚೆ ಕಾಗದಗಳ ಕೆಲಸ. ಬಿಪಿಎಲ್ ಕಾರ್ಡು, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡು, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ. ಪಂಚೆಯ ಒಳಗೆ ಮೂತ್ರದ ಚೀಲ ಕಟ್ಟಿಕೊಂಡು, ಅದರ ಮೇಲೆ ಟವೆಲು ಹೊದ್ದು ಅಪ್ಪ ಕುಳಿತಿದ್ದ. ಯೂರಾಲಜಿ ವಿಭಾಗದಲ್ಲಿ ಕಿರಿಯ ಡಾಕ್ಟರೊಬ್ಬರು ನನ್ನ ಕೈಗೆ ಇಂಗ್ಲಿಷಿನ ಒಂದು ಹಾಳೆ ಕೊಟ್ಟರು. "ಪೈಪು ಹಾಕುವ ಮುಂಚಿನ ಒಂದು ತಿಂಗಳು ಹೇಗಿತ್ತು ಅಂತ ಕೇಳಿ ತುಂಬಿಸಿ."

ಜಗತ್ತಿನಾದ್ಯಂತ ಬಳಕೆಯಲ್ಲಿರುವ ಹಾಳೆ ಅದು. ಏಳು ಪ್ರಶ್ನೆ, ಪ್ರತಿಯೊಂದಕ್ಕೂ ಸೊನ್ನೆಯಿಂದ ಐದು ಅಂಕ, ಒಟ್ಟು 35. ಏಳರವರೆಗೆ ಬಂದರೆ ತೊಂದರೆ ಅಲ್ಪ, 8ರಿಂದ 19 ಮಧ್ಯಮ, 20 ಮುಟ್ಟಿದರೆ ತೀವ್ರ. ನಾನು ಮೊದಲು ಶುರು ಮಾಡಿದ್ದು ಪುಸ್ತಕದ ಭಾಷೆಯಲ್ಲಿ: "ಮೂತ್ರ ವಿಸರ್ಜನೆಯ ನಂತರ..." ಅಪ್ಪ ಕಣ್ಣು ಪಿಳಿಪಿಳಿ ಬಿಟ್ಟ. ಅಕ್ಕಪಕ್ಕದಲ್ಲಿ ಜನ. ಒಂದು ಸಲ ಉಸಿರೆಳೆದುಕೊಂಡು ಕೇಳಿದೆ: "ಉಚ್ಚ ಉಯ್ದ ಮೇಲೂ ಇನ್ನೂ ಒಳಗ ಉಳಕಂಡದ ಅನ್ನುಸ್ತಿತ್ತ?"

ಅಪ್ಪನ ಕಿವಿ ಕೆಂಪಾಯಿತು. ನನ್ನದೂ ಆಗಿರಬೇಕು. ಸ್ವಲ್ಪ ಹೊತ್ತು ಬಿಟ್ಟು, "ಯಾವಾಗ್ಲೂವ" ಅಂದ. ಐದು ಅಂಕ.

ಎರಡು ಗಂಟೆಯೊಳಗೆ ಮತ್ತೆ ಹೋಗಬೇಕಾಗುತ್ತಿತ್ತಾ? ನಿಂತು ನಿಂತು ಬರುತ್ತಿತ್ತಾ? "ಪಂಪ್‌ಸೆಟ್ಟು ಗಾಳಿ ಹಿಡ್ದಂಗ" ಅಂದ ಅಪ್ಪ. ನಾಲ್ಕನೆಯದು ತಡೆಯಲಾರದಷ್ಟು ಅವಸರದ ಬಗ್ಗೆ. ಅದಕ್ಕೆ ಕನ್ನಡ ಹುಡುಕುತ್ತಿದ್ದೆ, "ಅರ್ಜೆಂಟಾ? ಆಯ್ತಿತ್ತು" ಎಂದು ಅವನೇ ಕೊಟ್ಟ. ಧಾರೆ ಸಣ್ಣಗಿತ್ತಾ? ತಿಣುಕಬೇಕಿತ್ತಾ? ರಾತ್ರಿ ಎಷ್ಟು ಸಲ? ಆರನೆಯ ಪ್ರಶ್ನೆಯ ಹೊತ್ತಿಗೆ ಅವನು ನನ್ನ ಮುಖ ನೋಡಿಕೊಂಡೇ ಉತ್ತರ ಹೇಳುತ್ತಿದ್ದ. ಮೊತ್ತ 27. ಕೊನೆಗೆ ಮೊತ್ತಕ್ಕೆ ಸೇರಿಸದ ಎಂಟನೆಯ ಪ್ರಶ್ನೆಯೊಂದಿದೆ: ಉಳಿದ ಬದುಕೆಲ್ಲ ಹೀಗೇ ಇದ್ದರೆ ಹೇಗನ್ನಿಸುತ್ತದೆ? "ಇಂಗೇ ಇರದಾದ್ರ ಬದುಕದ್ಯಾಕ" ಅಂದ. ಅದಕ್ಕೆ ಆರು. ಆ ಅಳತೆಯಲ್ಲಿ ಅದಕ್ಕಿಂತ ಕೆಟ್ಟದ್ದಿಲ್ಲ.

ಸ್ಕ್ಯಾನಿನಲ್ಲಿ ಕಂಡದ್ದು: ಯೌವನದಲ್ಲಿ ಸುಮಾರು ಇಪ್ಪತ್ತು ಗ್ರಾಂ ಇರುವ ಪ್ರಾಸ್ಟೇಟ್ ಅರವತ್ತು ಗ್ರಾಂ ದಾಟಿತ್ತು. ಮೂತ್ರಕೋಶದ ಕೆಳಗೆ, ಮೂತ್ರ ಹೊರಬರುವ ನಾಳವನ್ನು ಸುತ್ತಿಕೊಂಡಿರುವ ಗ್ರಂಥಿ ಅದು. ಬೆಳೆದಂತೆ ನಾಳವನ್ನು ಹಿಸುಕುತ್ತದೆ. ಇದು ಅಪರೂಪದ ಕಾಯಿಲೆಯೇನಲ್ಲ, ವಯಸ್ಸಾದ ಗಂಡಸರಲ್ಲಿ ತೀರಾ ಸಾಮಾನ್ಯ. ಆದರೆ ಅಪ್ಪನ ಎರಡೂ ಕಿಡ್ನಿಗಳು ಹಿಂದೊತ್ತಿದ ಮೂತ್ರದಿಂದ ಸ್ವಲ್ಪ ಊದಿದ್ದವು. "ಇನ್ನೊಂದು ವರ್ಷ ಸುಮ್ಮನಿದ್ದಿದ್ದರೆ ಕಿಡ್ನಿಗೇ ಕುತ್ತು" ಎಂದರು ದೊಡ್ಡ ಡಾಕ್ಟರು. ಸಂಕೋಚಕ್ಕೆ ಇಷ್ಟು ಬೆಲೆ ಎಂದು ನಾನು ಎಣಿಸಿರಲಿಲ್ಲ.

ಮೂತ್ರದ ಕಲ್ಚರ್ ಪರೀಕ್ಷೆಯಲ್ಲಿ ಸೋಂಕು ಕಂಡು ಆಪರೇಷನ್ ಮುಂದಕ್ಕೆ ಹೋಯಿತು. ಅದಕ್ಕೆ ಇಂಜೆಕ್ಷನ್, ಆಮೇಲೆ ಇಸಿಜಿ, ಪಿಎಸ್‌ಎ, ರಕ್ತ. ಹೊಟ್ಟೆಯ ಮೇಲೆ ಗಾಯವೇ ಇಲ್ಲದ ಆಪರೇಷನ್ ಇದು. ಮೂತ್ರನಾಳದ ಮೂಲಕವೇ ಉಪಕರಣ ಒಳಗೆ ಕಳಿಸಿ, ಬೆಳೆದ ಭಾಗವನ್ನು ವಿದ್ಯುತ್ತಿನ ತಂತಿಯಿಂದ ಚೂರುಚೂರಾಗಿ ಕೆರೆದು ತೆಗೆಯುತ್ತಾರೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿರುತ್ತಾರೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವ ಮುಂಚೆ ಡಾಕ್ಟರು, ಇನ್ನು ಮುಂದೆ ವೀರ್ಯ ಹೊರಗೆ ಬರದೆ ಮೂತ್ರಕೋಶದ ಕಡೆಗೆ ಹೋಗಬಹುದು, ಅದರಿಂದ ಅಪಾಯವಿಲ್ಲ ಎಂದು ವಿವರಿಸಲು ತೊಡಗಿದರು. ನಾನು ಎದ್ದು ಅವ್ವನನ್ನು ಒಳಗೆ ಕಳಿಸಿ ಬಾಗಿಲು ಎಳೆದುಕೊಂಡೆ. ನಮ್ಮ ಮಾತು ಅಷ್ಟು ದೂರ ಹೋಗಲಿಲ್ಲ, ಹೋಗಬೇಕಾದ್ದೂ ಇರಲಿಲ್ಲ.

ಆಪರೇಷನ್ ಥಿಯೇಟರಿನ ಹೊರಗೆ ಕೂತಿದ್ದಾಗ ಎಂ.ಎ. ದಿನಗಳಲ್ಲಿ ಓದಿದ್ದ ರೂಸೋ ನೆನಪಾದ. 1752ರ ಅಕ್ಟೋಬರಿನಲ್ಲಿ ಅವನ ಸಂಗೀತ ನಾಟಕ ಫ್ರಾನ್ಸಿನ ದೊರೆಯ ಎದುರು ಗೆದ್ದಿತು. ಮಾರನೆಯ ದಿನ ದೊರೆಯನ್ನು ಕಾಣಬೇಕೆಂದು ಕರೆ ಬಂತು, ಪಿಂಚಣಿ ಸಿಗುತ್ತದೆಂಬ ಮಾತೂ ಇತ್ತು. ರೂಸೋ ಹೋಗಲಿಲ್ಲ. ತನಗೆ ಮೊದಲು ಹೊಳೆದದ್ದು ತನ್ನ ಮೂತ್ರದ ತೊಂದರೆ, ಅಷ್ಟು ಹೊತ್ತು ಅಲ್ಲಿ ನಿಲ್ಲುವುದು ಹೇಗೆಂಬ ಅಂಜಿಕೆ ಎಂದು ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಅವತ್ತು ತರಗತಿಯಲ್ಲಿ ನಾವು ನಕ್ಕಿದ್ದೆವು. ಅವನು ದೊರೆಯನ್ನು ತಪ್ಪಿಸಿಕೊಂಡ, ಅಪ್ಪ ಮಾದಪ್ಪನನ್ನು. ರೂಸೋ ಕೊನೆಗೆ ಬರೆದಾದರೂ ಹೇಳಿಕೊಂಡ.

ವಾರ್ಡಿಗೆ ತಂದಾಗ ಅಪ್ಪನಿಗೆ ಮೂರು ಬಾಯಿಯ ಪೈಪು ಹಾಕಿದ್ದರು. ಒಂದರಿಂದ ಸಲೈನ್ ಒಳಗೆ ಹೋಗಿ ಮೂತ್ರಕೋಶ ತೊಳೆಯುತ್ತದೆ, ಇನ್ನೊಂದರಿಂದ ರಕ್ತ ಬೆರೆತು ಹೊರಗೆ ಬರುತ್ತದೆ, ಮತ್ತೊಂದು ಪೈಪಿನ ತುದಿಯ ಬಲೂನಿಗೆ. ಸಲೈನ್ ಮುಗಿಯುವ ಮುಂಚೆ ಚೀಲ ಬದಲಾಯಿಸಲು ಸಿಸ್ಟರನ್ನು ಕರೆಯಬೇಕು. ಒಳಗೆ ಹೋದದ್ದೆಷ್ಟು, ಹೊರಗೆ ಬಂದದ್ದೆಷ್ಟು ಎಂದು ಬರೆದಿಡಬೇಕು. ರಕ್ತದ ಗಡ್ಡೆ ಸಿಕ್ಕಿ ಪೈಪು ಕಟ್ಟಿಕೊಂಡರೆ ಮತ್ತೆ ಅದೇ ರಾತ್ರಿಯ ನೋವು. ಫೀಲ್ಡ್‌ವರ್ಕಿನ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಲೆಕ್ಕ ಬರೆದೆ, ಬಣ್ಣವನ್ನೂ: ಬೀಟ್‌ರೂಟ್ ಬೇಯಿಸಿದ ನೀರು, ದಾಳಿಂಬೆ ರಸ, ಕುಂಕುಮ ಕದಡಿದ ನೀರು. ಎರಡನೆಯ ದಿನ ಸಂಜೆಗೆ ತಿಳಿಯಾಯಿತು.

ಅದು ಗಂಡಸರ ವಾರ್ಡು. "ಗಂಡಸರು ಯಾರೂ ಇಲ್ವಾ ಜೊತೆಗೆ?" ಎಂದು ಶಿಫ್ಟು ಬದಲಾದಾಗಲೆಲ್ಲ ಯಾರಾದರೂ ಕೇಳುತ್ತಿದ್ದರು. ತಮ್ಮ ಬೆಂಗಳೂರಿನಿಂದ ಬಂದು ಒಂದು ರಾತ್ರಿ ಇದ್ದು ಹೋಗಿದ್ದ. ಮೊದಲ ದಿನ ಆ ಪ್ರಶ್ನೆಗೆ ಅಪ್ಪ ಗೋಡೆ ಕಡೆ ತಿರುಗಿಕೊಂಡಿದ್ದ. ಮೂರನೆಯ ದಿನ ಪೈಪು ತೆಗೆಯಲು ಬಂದವರು ಕೇಳಿದಾಗ, "ಮಗಳವಳಲ್ಲ, ಅವಳ್ನೇ ಕೇಳಿ" ಅಂದ.

ಮನೆಗೆ ಬಂದ ಮೇಲಿನ ದಿನಗಳು ಸುಲಭವಿರಲಿಲ್ಲ. ಪೈಪು ತೆಗೆದ ಮೇಲೆ ಕೆಲವು ವಾರ ತಡೆಯುವ ಹಿಡಿತವೇ ಇರದಿರಬಹುದು. ಕೆಮ್ಮಿದರೆ, ಎದ್ದರೆ ಪಂಚೆ ಒದ್ದೆ. ಅವ್ವ ದಿನಕ್ಕೆ ನಾಲ್ಕು ಪಂಚೆ ಒಗೆದು ಬೀದಿಗೆ ಕಾಣದಂತೆ ಹಿತ್ತಿಲಲ್ಲಿ ಒಣಗಿಸುತ್ತಿದ್ದಳು. ಅಪ್ಪ ಜಗಲಿಗೆ ಬರಲೊಲ್ಲ. ಮೂತ್ರ ಹಿಡಿದುಕೊಳ್ಳುವಂತೆ ಬಿಗಿಹಿಡಿ, ಹತ್ತು ಎಣಿಸು, ಬಿಡು ಎಂಬ ವ್ಯಾಯಾಮ ಹೇಳಿಕೊಟ್ಟಿದ್ದರು. ಟಿ.ವಿ. ಸೀರಿಯಲ್ಲಿನ ಜಾಹೀರಾತಿನ ಹೊತ್ತಿನಲ್ಲಿ ಮಾಡುತ್ತಿದ್ದ. ಒಂದೂವರೆ ತಿಂಗಳು ಭಾರ ಎತ್ತುವಂತಿಲ್ಲ, ಎಕ್ಸೆಲ್ ಓಡಿಸುವಂತಿಲ್ಲ, ಮಲಬದ್ಧತೆಯಾಗಿ ತಿಣುಕುವಂತಿಲ್ಲ. ಹನ್ನೆರಡನೆಯ ದಿನ ಮತ್ತೆ ಕೆಂಪಗೆ ಬಂತು. ಅವ್ವ ಅಳಲು ಶುರು ಮಾಡಿದಳು. ಒಳಗಿನ ಗಾಯದ ಹಕ್ಕಳೆ ಉದುರುವಾಗ, ಎರಡನೆಯ ವಾರದ ಸುಮಾರಿಗೆ, ಹೀಗಾಗಬಹುದು, ಗಡ್ಡೆ ಗಡ್ಡೆಯಾಗಿ ಬಂದರೆ ಅಥವಾ ಕಟ್ಟಿಕೊಂಡರೆ ಮಾತ್ರ ಓಡಿ ಬನ್ನಿ ಎಂದು ಡಾಕ್ಟರು ಹೇಳಿದ್ದರು. ಅಪ್ಪ ಚೊಂಬುಗಟ್ಟಲೆ ನೀರು ಕುಡಿದ. ಸಂಜೆಗೆ ತಿಳಿಯಾದಾಗ ಹಿತ್ತಿಲಿಂದಲೇ ಕೂಗಿದ: "ಕೂಸೆ, ಉಚ್ಚ ಬೆಳ್ಳಗ್ ಬತ್ತದ!" ಪಕ್ಕದ ಮನೆಯವರಿಗೂ ಕೇಳಿಸಿರಬೇಕು. ಕೆರೆದು ತೆಗೆದ ಚೂರುಗಳ ಬಯಾಪ್ಸಿ ವರದಿಯೂ ಅದೇ ವಾರ ಬಂತು. ಕ್ಯಾನ್ಸರ್ ಇರಲಿಲ್ಲ.

ಮೂರು ತಿಂಗಳ ಮೇಲೆ ಅದೇ ಹಾಳೆಯನ್ನು ಮತ್ತೆ ತುಂಬಿಸಿದೆವು. ಮೊತ್ತ ಆರು. ರಾತ್ರಿ ಈಗಲೂ ಒಂದು ಸಲ ಏಳುತ್ತಾನೆ.

ಮೊನ್ನೆ ಊರಿಗೆ ಹೋದಾಗ ಸಂಜೆ ಅಪ್ಪನ ಆರೋಗ್ಯ ವಿಚಾರಿಸಲು ಅವನ ಸರೀಕರೊಬ್ಬರು ಬಂದಿದ್ದರು. ವಿಚಾರಿಸಿ ಆಯಿತು, ಟೀ ಕುಡಿದದ್ದೂ ಆಯಿತು, ಆದರೂ ಏಳಲಿಲ್ಲ. ಮಳೆ, ಭತ್ತದ ರೇಟು ಎಲ್ಲ ಮಾತಾಡಿದರು. ನಾನು ಲೋಟ ಎತ್ತಿಕೊಂಡು ಒಳಗೆ ಬಂದ ಮೇಲೆ ದನಿ ತಗ್ಗಿತು. ಈ ತಿಂಗಳಲ್ಲಿ ಹೀಗೆ ಬಂದವರು ಇವರು ಮೂರನೆಯವರು ಎಂದಳು ಅವ್ವ. ಅಪ್ಪ ಮಾತ್ರ ದನಿ ತಗ್ಗಿಸಿರಲಿಲ್ಲ. ಹಾಳೆಯಿಲ್ಲದೆ, ಬಾಯಿಪಾಠದಿಂದ, ನನಗೆ ಕೇಳಿಸುವಷ್ಟು ಗಟ್ಟಿಯಾಗಿ ಕೇಳುತ್ತಿದ್ದ: "ಉಯ್ದ ಮೇಲೂ ಒಳಗ ಉಳಕಂಡದ ಅನ್ನುಸ್ತದ? ನಿಂತ್ ನಿಂತ್ ಬತ್ತದ? ರಾತ್ರಿ ಎಷ್ಟ್ ಸಲ ಎದ್ದೀಯ, ನಾಚ್ಕಬ್ಯಾಡ, ಹೇಳು."

ನಾನು ಒಳಗೆ ನೋಟ್‌ಬುಕ್ಕು ಹುಡುಕಿದೆ.