ಸಸ್ತಾ ಊರಿನ ಲೆಕ್ಕ

ದ್ವಿತೀಯ ಪಿಯುಸಿ ಸಂಖ್ಯಾಶಾಸ್ತ್ರದಲ್ಲಿ ನಮಗೆ ಸೂಚ್ಯಂಕಗಳ ಪಾಠವಿದೆ. ಗ್ರಾಹಕ ಬೆಲೆ ಸೂಚ್ಯಂಕವನ್ನು ಕಂಡುಹಿಡಿಯುವ ಒಂದು ಕ್ರಮಕ್ಕೆ ಕುಟುಂಬ ಬಜೆಟ್ ವಿಧಾನ ಎಂದು ಹೆಸರು. ಒಂದು ಮನೆ ಊಟ, ಬಾಡಿಗೆ, ಬಟ್ಟೆ, ಇಂಧನ, ಇತರೆ ಎಂದು ಯಾವುದಕ್ಕೆ ಎಷ್ಟು ಖರ್ಚು ಮಾಡುತ್ತದೋ ಅದಕ್ಕೆ ತಕ್ಕ ತೂಕ ಕೊಟ್ಟು ಲೆಕ್ಕ ಹಾಕಬೇಕು. ಹಾಗಾಗಿ ಯಾವುದಾದರೂ ಊರು ದುಬಾರಿಯೋ ಅಗ್ಗವೋ ಎಂದು ಹೇಳುವ ಮೊದಲು, ಯಾರ ಮನೆಯ ಖರ್ಚು ಎಂದು ಕೇಳಬೇಕಾಗುತ್ತದೆ.

ಈ ವರ್ಷ ಆ ಪ್ರಶ್ನೆ ಮದ್ದೂರಿನ ನಮ್ಮ ಮನೆಗೇ ಬಂತು. ನನ್ನ ಅಣ್ಣ ಐಟಿಐ ಎಲೆಕ್ಟ್ರಿಷಿಯನ್. ಬಿಡದಿಯ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕೆಲಸ ಮಾಡುತ್ತಾನೆ. ಅವನಿಗೆ ಒಬ್ಬ ಏಜೆಂಟರು ಶಾರ್ಜಾದಲ್ಲಿ ಕೆಲಸವಿದೆ, ತಿಂಗಳಿಗೆ 1,800 ದಿರ್ಹಂ, ರೂಮು ಊಟ ನಿಮ್ಮದೇ, ನಮಗೆ 80,000 ರೂಪಾಯಿ ಕೊಡಬೇಕು ಎಂದರು. ಒಂದು ದಿರ್ಹಂಗೆ 23 ರೂಪಾಯಿಯಂತೆ 41,400 ರೂಪಾಯಿ ಆಗುತ್ತದೆ. ಬಿಡದಿಯಲ್ಲಿ ಕೈಗೆ ಸಿಗುವುದು 18,500. ಅಮ್ಮಿ ಬಳೆ ಗಿರವಿ ಇಡಲು ಒಪ್ಪಿಯೇಬಿಟ್ಟರು. "ದುಬೈ ಮೆಹಂಗಾ, ಶಾರ್ಜಾ ಸಸ್ತಾ" ಎಂದು ನಮ್ಮ ಮೊಹಲ್ಲಾದಲ್ಲಿ ಎಲ್ಲರೂ ಹೇಳುತ್ತಾರೆ.

ಆ ಮಾತು ಸುಳ್ಳಲ್ಲ. ಎರಡೂ ಅಕ್ಕಪಕ್ಕದ ಊರುಗಳು. ನಾಣ್ಯ ಒಂದೇ, ಸಂಬಳಕ್ಕೆ ಆದಾಯ ತೆರಿಗೆ ಎರಡೂ ಕಡೆ ಇಲ್ಲ, 2018ರ ಜನವರಿ 1ರಿಂದ ಶೇ. 5ರ ವ್ಯಾಟ್ ಎರಡೂ ಕಡೆ ಇದೆ. ಶಾರ್ಜಾದಲ್ಲಿ ಬಾಡಿಗೆ ಕಡಿಮೆ. ಅದಕ್ಕೇ ಸಾವಿರಾರು ಜನ ದುಬೈಯಲ್ಲಿ ದುಡಿದು, ರಾತ್ರಿ ಶಾರ್ಜಾಕ್ಕೆ ಬಂದು ಮಲಗುತ್ತಾರೆ. ಮರ್ಸರ್ ಎಂಬ ಕಂಪನಿ ಪ್ರಪಂಚದ ನಗರಗಳ ಜೀವನ ವೆಚ್ಚವನ್ನು ನ್ಯೂಯಾರ್ಕ್ ಜೊತೆ ಹೋಲಿಸಿ ಪಟ್ಟಿ ಮಾಡುತ್ತದೆ. ಆದರೆ ಅದು ಕಂಪನಿಗಳು ವಿದೇಶಕ್ಕೆ ಕಳಿಸುವ ಅಧಿಕಾರಿಗಳಿಗಾಗಿ ಮಾಡುವ ಪಟ್ಟಿ. ಅವರ ಖರ್ಚಿನಲ್ಲಿ ಫ್ಲ್ಯಾಟಿನ ಬಾಡಿಗೆ ಇರುತ್ತದೆ. ನನ್ನ ಅಣ್ಣನಂಥವರ ಖರ್ಚಿನಲ್ಲಿ ಇರುವುದು ಬೆಡ್ ಸ್ಪೇಸ್. ಅಂದರೆ ಆರು ಜನರ ಕೋಣೆಯಲ್ಲಿ ಒಂದು ಮಂಚದ ಬಾಡಿಗೆ.

ಆದ್ದರಿಂದ ನಾನು ನಮ್ಮ ಮಾಮುವನ್ನೇ ಕೇಳಿದೆ. ಅವರು 2013ರ ಆರಂಭದಿಂದ ಶಾರ್ಜಾದಲ್ಲಿದ್ದಾರೆ. ಮಾಮಿ ಮತ್ತು ಮಕ್ಕಳು ಮಳವಳ್ಳಿಯಲ್ಲಿದ್ದಾರೆ. ಮಾಮು ವಾಟ್ಸಾಪ್‌ನಲ್ಲಿ ಧ್ವನಿ ಸಂದೇಶ ಕಳಿಸುತ್ತಾ ಹೋದರು, ನಾನು ನೋಟ್ ಬುಕ್ಕಿನಲ್ಲಿ ಬರೆದುಕೊಂಡೆ. ಮಂಚಕ್ಕೆ 450 ದಿರ್ಹಂ, ಕರೆಂಟು ನೀರು ಸೇರಿ. ಮೆಸ್ಸಿಗೆ 350. ಫೋನು ಇಂಟರ್‌ನೆಟ್ಟಿಗೆ 100. ಬಸ್ಸು, ಸೋಪು, ಕ್ಷೌರ, ಚಾ ಎಲ್ಲ ಸೇರಿ 150. ಒಟ್ಟು 1,050. ಅಣ್ಣನ 1,800ರಲ್ಲಿ ಉಳಿಯುವುದು 750 ದಿರ್ಹಂ, ಅಂದರೆ 17,250 ರೂಪಾಯಿ.

ಇನ್ನೊಂದು ಪುಟದಲ್ಲಿ ಬಿಡದಿಯ ಲೆಕ್ಕ. 18,500ರಲ್ಲಿ ರೈಲ್ವೆ ಪಾಸು, ಫೋನು, ಚಾ, ಬಟ್ಟೆ ಎಂದು ಅವನ ಕೈಖರ್ಚು 4,500. ಮನೆಯಲ್ಲಿ ಅವನ ಊಟಕ್ಕೆ ನಾನೇ 2,500 ಹಿಡಿದೆ. ಅಮ್ಮಿಗೆ ಇದು ಸರಿ ಬರಲಿಲ್ಲ. "ಮಗನ ಅನ್ನಕ್ಕೂ ಲೆಕ್ಕವಾ?" ಎಂದರು. ಶಾರ್ಜಾದಲ್ಲಿ ಮೆಸ್ಸಿನ ಲೆಕ್ಕ ಹಿಡಿದ ಮೇಲೆ ಇಲ್ಲಿಯದೂ ಹಿಡಿಯಬೇಕಲ್ಲ ಅಮ್ಮಿ ಎಂದೆ. ಉಳಿದದ್ದು 11,500.

ಎರಡಕ್ಕೂ ಇರುವ ವ್ಯತ್ಯಾಸ 5,750 ರೂಪಾಯಿ. ಏಜೆಂಟರ 80,000ವನ್ನು ಎರಡು ವರ್ಷದ ಒಪ್ಪಂದಕ್ಕೆ ಹಂಚಿದರೆ ತಿಂಗಳಿಗೆ 3,333. ಅದನ್ನು ಕಳೆದರೆ 2,417. ಗಿರವಿಯ ಬಡ್ಡಿ ಬೇರೆ. ತಿಂಗಳಿಗೆ 41,400 ಎಂದು ಕೇಳಿಸಿದ್ದು ಕೊನೆಗೆ ದಿನಕ್ಕೆ 80 ರೂಪಾಯಿ ಲಾಭಕ್ಕೆ ಬಂದು ನಿಂತಿತು. ಅಬ್ಬಾ ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ಲೋಡಿನ ಲೆಕ್ಕ ಬರೆಯುವವರು. ಅವರು ಎರಡು ಸಲ ಕೂಡಿ ಕಳೆದು ನೋಡಿದರು. ಏನೂ ಮಾತಾಡದೆ ಪುಸ್ತಕವನ್ನು ಅಣ್ಣನ ಕೈಗೆ ಕೊಟ್ಟರು.

ಮಾಮುವಿಗೆ ಲಾಭವಾಗಲಿಲ್ಲವೇ ಎಂದು ಅಣ್ಣ ಕೇಳಿದ. ಆಗಿದೆ. ಮಳವಳ್ಳಿಯಲ್ಲಿ ಮನೆ ಕಟ್ಟಿದ್ದಾರೆ. ಅದಕ್ಕೆ ಕಾರಣ ಸಂಬಳ ಏರಿದ್ದು ಮಾತ್ರವಲ್ಲ. ದಿರ್ಹಂ ಬೆಲೆಯನ್ನು 1997ರಿಂದ ಒಂದು ಡಾಲರಿಗೆ 3.6725 ಎಂದು ಕಟ್ಟಿಹಾಕಿದ್ದಾರೆ. ಡಾಲರ್ ಎದುರು ನಮ್ಮ ರೂಪಾಯಿ ಇಳಿದಾಗೆಲ್ಲ ದಿರ್ಹಂ ತಾನಾಗಿ ಏರುತ್ತದೆ. ಮಾಮು ಹೋದಾಗ ಒಂದು ದಿರ್ಹಂಗೆ ಸುಮಾರು 15 ರೂಪಾಯಿ ಇತ್ತು. ಅಂದು 500 ದಿರ್ಹಂ ಉಳಿಸಿದರೆ ಮನೆಗೆ 7,500 ಬರುತ್ತಿತ್ತು, 23 ರೂಪಾಯಿಯಂತೆ ಅದೇ 500ಕ್ಕೆ 11,500 ಬರುತ್ತದೆ. ಆದರೆ ಆ ಹಣ ಖರ್ಚಾಗುವುದು ಮಳವಳ್ಳಿಯ ಅಂಗಡಿಯಲ್ಲಿ. ಅಲ್ಲಿಯ ಅಕ್ಕಿ, ಎಣ್ಣೆ, ಶಾಲೆಯ ಫೀಜು 2013ರಲ್ಲೇ ನಿಂತಿಲ್ಲ.

ಇನ್ನೊಂದು ವಿಷಯ ನನಗೆ ಈ ಲೆಕ್ಕ ಮಾಡುವಾಗಲೇ ತಿಳಿದದ್ದು. ಆ ದೇಶದಲ್ಲಿ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು 2019ರ ನಿಯಮದಂತೆ ತಿಂಗಳಿಗೆ 4,000 ದಿರ್ಹಂ ಸಂಬಳ ಇರಬೇಕು, ಇಲ್ಲವೇ 3,000ದ ಜೊತೆ ಕಂಪನಿಯ ವಸತಿ ಇರಬೇಕು. ಮಾಮುವಿನ ಸಂಬಳ ಈಗಲೂ 2,600. ಹಾಗಾಗಿ ಶಾರ್ಜಾ ಸಸ್ತಾ ಆಗಿರುವುದು ಮಾಮು ಒಬ್ಬರಿಗೆ ಮಾತ್ರ. ಮಾಮಿ, ಇಬ್ಬರು ಮಕ್ಕಳು, ನಾನಿಯ ಬಿಪಿ ಮಾತ್ರೆ, ಇವುಗಳ ಖರ್ಚೆಲ್ಲ ಮಳವಳ್ಳಿಯಲ್ಲಿದೆ. ಮನೆ ಒಂದೇ, ಬಾಡಿಗೆ ಮತ್ತು ಒಲೆ ಎರಡು ಕಡೆ. ಅಲ್ಲಿಯ ಕಾನೂನಿನಂತೆ ವರ್ಷಕ್ಕೆ 30 ದಿನ ರಜೆ. ಮಾಮು ಅದನ್ನು ಕೂಡಿಟ್ಟು ಎರಡು ವರ್ಷಕ್ಕೊಮ್ಮೆ ಎರಡು ತಿಂಗಳು ಬರುತ್ತಾರೆ. ಹನ್ನೆರಡು ವರ್ಷದಲ್ಲಿ ಅವರು ಮಕ್ಕಳ ಜೊತೆ ಇದ್ದದ್ದು ಒಟ್ಟು ಒಂದು ವರ್ಷ. ಇದಕ್ಕೆ ಎಷ್ಟು ತೂಕ ಕೊಡಬೇಕೆಂದು ಯಾವ ಸೂತ್ರದಲ್ಲೂ ಇಲ್ಲ. ದಾದಿ ಮಾತ್ರ "ಹಿಸಾಬು ಬೇರೆ, ಬರ್ಕತ್ತು ಬೇರೆ" ಎಂದು ತಸ್ಬೀಹ್ ಹಿಡಿದು ಕೂತರು.

ಕೊನೆಗೆ ಅಣ್ಣ ಒಂದು ಒಳ್ಳೆಯ ಪ್ರಶ್ನೆ ಕೇಳಿದ. ಕಂಪನಿಯೇ ರೂಮು ಕೊಟ್ಟು, ಏಜೆಂಟರ ಹಣ ಕಾನೂನಿನ ಮಿತಿಯಲ್ಲಿದ್ದರೆ? ನಮ್ಮ ದೇಶದಲ್ಲಿ ನೋಂದಾಯಿತ ಏಜೆಂಟರು ತೆಗೆದುಕೊಳ್ಳಬಹುದಾದ ಗರಿಷ್ಠ ಶುಲ್ಕ 30,000 ರೂಪಾಯಿ, ಜಿಎಸ್‌ಟಿ ಸೇರಿ 35,400. ಆಗ ವ್ಯತ್ಯಾಸ ತಿಂಗಳಿಗೆ 14,625 ಆಗುತ್ತದೆ. ಅದೇ ಊರು, ಅದೇ ಸಂಬಳ. ಒಂದು ಮಂಚದ ಬಾಡಿಗೆ ಮತ್ತು ಏಜೆಂಟರ ಹಣ ಇಷ್ಟು ವ್ಯತ್ಯಾಸ ಮಾಡುತ್ತವೆ.

ಆ ಏಜೆಂಟರಿಗೆ ಅಬ್ಬಾ ಬೇಡ ಎಂದರು. ಬಳೆ ಅಮ್ಮಿಯ ಕೈಯಲ್ಲೇ ಇದೆ. ರೂಮು ಕೊಡುವ ಕಂಪನಿಯನ್ನು ಮಾಮು ಹುಡುಕುತ್ತಿದ್ದಾರೆ. ಸಿಕ್ಕರೆ ಅಣ್ಣ ಹೋಗುತ್ತಾನೆ, ನಾನೂ ತಡೆಯುವುದಿಲ್ಲ. ಅಲ್ಲಿಯವರೆಗೆ ಬಿಡದಿಯ ರೈಲು ಇದ್ದೇ ಇದೆ.

ನಮ್ಮ ಕಾಲೇಜಿನಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿಯಿಂದ ಬರುವ ಎಷ್ಟೋ ಜನರ ಮನೆಯಲ್ಲಿ ಒಬ್ಬರಾದರೂ ಗಲ್ಫಿನಲ್ಲಿದ್ದಾರೆ, ಇಲ್ಲವೇ ಹೊರಡುವವರಿದ್ದಾರೆ. ನಿಮ್ಮ ಮನೆಯಲ್ಲಿ ಈ ಮಾತು ಬಂದಾಗ ಸಂಬಳವನ್ನು 23ರಿಂದ ಗುಣಿಸಿ ನಿಲ್ಲಿಸಬೇಡಿ. ರೂಮು ಯಾರದು, ಊಟ ಯಾರದು, ಟಿಕೆಟ್ ಯಾರದು ಎಂದು ಕೇಳಿ. ವಿಸಿಟ್ ವೀಸಾದಲ್ಲಿ ಕಳಿಸುತ್ತೇವೆ ಎಂದರೆ ಒಪ್ಪಬೇಡಿ, ಕೆಲಸದ ಒಪ್ಪಂದ ಪತ್ರ ಕೇಳಿ. ಏಜೆಂಟರ ಹೆಸರು ಸರ್ಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿದೆಯೇ ಎಂದು ನೋಡಿ. ಕಾಮರ್ಸ್ ಓದುವ ನಾವು ಇಷ್ಟು ಲೆಕ್ಕವನ್ನು ಒಂದು ಸಂಜೆಯಲ್ಲಿ ಮಾಡಿಕೊಡಬಹುದು.