‘ಹಾಂ’ ಅಂದರೆ ಅರ್ಥವಾಯ್ತು ಅಂತಲ್ಲ

ಎರಡು ವರ್ಷದ ಹಿಂದೆ, ಆಷಾಢದ ಒಂದು ಬೆಳಗ್ಗೆ ನಮ್ಮ ಲೈನ್ ಮನೆ ಖಾಲಿಯಾಗಿತ್ತು. ನೆಲ ಗುಡಿಸಿತ್ತು. ನಾವು ಕೊಟ್ಟ ಟಾರ್ಚು, ಎರಡು ರೈನ್‌ಕೋಟು ಕಿಟಕಿಯ ಮೇಲಿತ್ತು. ಬೀಗದ ಕೈ ಅದರ ಪಕ್ಕದಲ್ಲೇ ಇತ್ತು. ಅಲ್ಲಿದ್ದ ನಾಲ್ಕು ಜನ ಮಾತ್ರ ಇರಲಿಲ್ಲ. ಅವರಿಗೆ ಹದಿನಾಲ್ಕು ದಿನದ ಕೂಲಿ ಕೊಡುವುದು ಬಾಕಿ ಇತ್ತು. ಅದನ್ನೂ ಕೇಳದೆ ಹೋಗಿದ್ದರು.

ನಾವು ಅಕ್ಕ ತಮ್ಮ. ಮನೆ ಇರುವುದು ಕೊಪ್ಪ ತಾಲ್ಲೂಕಿನಲ್ಲಿ, ಶೃಂಗೇರಿಗೆ ಹೋಗುವ ದಿಕ್ಕಿನಲ್ಲಿ. ಅಮ್ಮನ ತವರು ನರಸಿಂಹರಾಜಪುರ. ಇಬ್ಬರೂ ಪತ್ರಿಕೋದ್ಯಮ ಓದಿದವರು. ಆ ವರ್ಷ ಅಪ್ಪಯ್ಯನ ಮಂಡಿ ಆಪರೇಷನ್ ಆಗಿ ತೋಟದ ಜವಾಬ್ದಾರಿ ನಮ್ಮ ತಲೆಗೆ ಬಂತು. ಜನರನ್ನು ಮಾತಾಡಿಸುವುದನ್ನೇ ಮೂರು ವರ್ಷ ಕಲಿತವರು ನಾವು, ನಾಲ್ಕು ಆಳುಗಳನ್ನು ನೋಡಿಕೊಳ್ಳುವುದು ಏನು ಮಹಾ ಅಂದುಕೊಂಡಿದ್ದೆವು.

ಮರ ಹತ್ತಿ ಕೊಳೆ ಔಷಧಿ ಹೊಡೆಯುವ ಕೊನೆಗಾರರು ಊರಿನವರೇ. ಕೆಳಗೆ ಔಷಧಿ ಕಲಸುವುದು, ಪೈಪು ಎಳೆಯುವುದು ಈ ನಾಲ್ವರ ಕೆಲಸ. ಅಸ್ಸಾಮಿನ ಗಂಡ ಹೆಂಡತಿ ಇಬ್ಬರು, ಜಾರ್ಖಂಡಿನ ಹುಡುಗರು ಇಬ್ಬರು. ಊರಲ್ಲಿ ಎಲ್ಲರೂ ಹೇಳುವ ಹಾಗೆ ನಾವೂ ಅವರನ್ನು ‘ಹಿಂದಿಯವರು’ ಅಂತಿದ್ದೆವು.

ಎರಡನೇ ಸಲದ ಔಷಧಿಯ ದಿನ. ಮಳೆ ಸ್ವಲ್ಪ ಹೊಳವಾಗಿತ್ತು, ಮಧ್ಯಾಹ್ನದೊಳಗೆ ಒಂದು ಪಟ್ಟೆ ತೋಟ ಮುಗಿಸಬೇಕು ಅಂತ ಅವಸರ. ಲೆಕ್ಕ ನಿಮಗೂ ಗೊತ್ತಿರುವುದೇ: 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಅರ್ಧ ನೀರಿನಲ್ಲಿ ಮೈಲುತುತ್ತ, ಇನ್ನರ್ಧ ನೀರಿನಲ್ಲಿ ಸುಣ್ಣ ಬೇರೆ ಬೇರೆ ಕಲಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತಾ ತಿರುಗಿಸಬೇಕು. ಜಾರ್ಖಂಡಿನ ಹುಡುಗನಿಗೆ ನಮ್ಮ ಸಿನಿಮಾ ಹಿಂದಿಯಲ್ಲಿ ಹೇಳಿದೆವು, ‘ಆಧಾ ಇಸ್ಮೆ, ಆಧಾ ಉಸ್ಮೆ. ಸಮ್ಜಾ?’ ಹೇಳುವಾಗ ಕೈ ಸುಣ್ಣದ ಚೀಲದ ಕಡೆಗಿತ್ತು.

ಅವನು ‘ಹಾಂ’ ಅಂದ.

ನೀರು ಅರ್ಧ ಅಂತ ನಾವು ಹೇಳಿದ್ದು. ಸುಣ್ಣ ಅರ್ಧ ಅಂತ ಅವನು ತಿಳಿದದ್ದು. ಅದರ ಮೇಲೆ ಸುಣ್ಣವೂ ಹಿಂದಿನ ವರ್ಷದ್ದು, ಚೀಲ ಬಿಚ್ಚಿಟ್ಟು ಗಾಳಿಗೆ ಸತ್ವ ಹೋದದ್ದು. ಅಪ್ಪಯ್ಯ ಆಗಿದ್ದರೆ ಡ್ರಮ್ಮಿಗೆ ಕತ್ತಿಯ ಅಲಗು ಅದ್ದಿ ನೋಡುತ್ತಿದ್ದರು. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಅಂತ ಅರ್ಥ, ಇನ್ನಷ್ಟು ಹಾಕಬೇಕು. ನಾವು ಅವಸರದಲ್ಲಿ ನೋಡಲಿಲ್ಲ.

ಕೆಲವು ದಿನ ಕಳೆದ ಮೇಲೆ ಆ ಪಟ್ಟೆಯಲ್ಲಿ ಎಳೆಗಾಯಿ ಸುಟ್ಟ ಹಾಗೆ ಕಲೆಬಿದ್ದು ಉದುರತೊಡಗಿತು. ಹಳದಿ ಎಲೆ ರೋಗದಲ್ಲಿ ಅರ್ಧ ಮರ ಹೋದ ತೋಟ ನಮ್ಮದು, ಈಗೀಗ ಎಲೆಚುಕ್ಕಿ ಬೇರೆ. ಉಳಿದ ಮರದ ಕಾಯಿಯೂ ನೆಲಕ್ಕೆ ಬಿದ್ದದ್ದು ಕಂಡು ನಮಗೆ ತಲೆ ಕೆಟ್ಟಿತು. ಎಲ್ಲರ ಎದುರಿಗೆ ಅವನಿಗೆ ಕೂಗಾಡಿದೆವು. ಮೂರು ದಿನದ ಕೂಲಿ ಕಟ್ ಅಂದೆವು. ಅವನು ತಲೆ ತಗ್ಗಿಸಿ ನಿಂತಿದ್ದ, ಒಂದು ಮಾತೂ ಆಡಲಿಲ್ಲ. ಸುಮ್ಮನಿದ್ದಾನೆ ಅಂದರೆ ತಪ್ಪು ಒಪ್ಪಿಕೊಂಡ ಅಂತ ನಾವು ತೀರ್ಮಾನಿಸಿದೆವು. ಮರುದಿನ ಬೆಳಗ್ಗೆ ಲೈನ್ ಮನೆ ಖಾಲಿ.

ಫೋನ್ ಮಾಡಿದರೆ ಸ್ವಿಚ್ ಆಫ್. ಪೇಟೆಯಲ್ಲಿ ವಿಚಾರಿಸೋಣ ಅಂದರೆ ಅವನ ಹೆಸರು ಏನು? ನಾವು ‘ಏಯ್’ ಅಂತಲೋ ‘ಭಾಯ್’ ಅಂತಲೋ ಕರೆದು ಅಭ್ಯಾಸ. ಕೊನೆಗೆ ಕಪಾಟಿನಲ್ಲಿ ಆಧಾರ್ ಕಾರ್ಡಿನ ಜೆರಾಕ್ಸ್ ಸಿಕ್ಕಿತು. ಬಂದ ದಿನವೇ ನಾಲ್ವರದ್ದೂ ತೆಗೆದಿಟ್ಟುಕೊಂಡಿದ್ದೆವು. ಮೂರು ತಿಂಗಳು ಅದು ಅಲ್ಲೇ ಇತ್ತು. ಅವನ ಹೆಸರು, ಊರು, ಜಿಲ್ಲೆ ಓದಿದ್ದು ಅವತ್ತೇ ಮೊದಲು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅವನನ್ನು ಕೇಳಿಲ್ಲ.

ದೊಡ್ಡಪ್ಪನ ಮಗ ಮಸ್ಕತ್ತಿನಲ್ಲಿ ಕಟ್ಟಡ ಕೆಲಸದ ಸೂಪರ್‌ವೈಸರ್. ಅವನ ಕೈಕೆಳಗೆ ನೇಪಾಳ, ಬಾಂಗ್ಲಾದೇಶ, ಪಾಕಿಸ್ತಾನ, ಆಂಧ್ರದವರು ಸೇರಿ ಇಪ್ಪತ್ತು ಜನ. ಆ ವಾರ ಫೋನಿನಲ್ಲಿ ಸಿಕ್ಕಿದಾಗ ನಮ್ಮ ಗೋಳು ಹೇಳಿಕೊಂಡೆವು. ಪಾಪ ಅನ್ನುತ್ತಾನೆ ಅಂದುಕೊಂಡಿದ್ದೆವು. ಅವನು ನಗಾಡಿದ.

‘ಸಂಬಳ ಕೊಡೋರ ಎದುರಿಗೆ ಅರ್ಥ ಆಗ್ಲಿಲ್ಲ ಅಂತ ಯಾರು ಹೇಳ್ತಾರೆ ಮಾರಾಯ? ಇಲ್ಲಿಗೆ ಬಂದ ಹೊಸ್ತರಲ್ಲಿ ನಾನೂ ಹೇಳಿಲ್ಲ’ ಅಂದ.

ಅವನ ಮೊದಲ ಇಂಜಿನಿಯರು ಈಜಿಪ್ಟಿನವರಂತೆ. ಅವರು ಏನು ಹೇಳಿದರೂ ಇವನು ನಮ್ಮ ಊರಿನ ಕ್ರಮದಲ್ಲಿ ಆಗಲಿ ಅಂತ ತಲೆಯನ್ನು ಆ ಕಡೆ ಈ ಕಡೆ ಒಲೆಸುವುದು. ಅವರಿಗೆ ಅದು ‘ಆಗಲ್ಲ’ ಅಂದ ಹಾಗೆ ಕಾಣುವುದು. ಒಂದು ತಿಂಗಳು ಇವನು ದುರಹಂಕಾರಿ ಅಂತಲೇ ಅವರು ನಂಬಿದ್ದರಂತೆ. ನಾವು ಬಾಯಿಯಿಂದ ಕೇಳಿದ ‘ಹಾಂ’ ನಂಬಿ ಕೆಟ್ಟೆವು, ಅವರು ತಲೆ ಅಲ್ಲಾಡಿಸಿದ್ದು ನಂಬಿ ಕೆಟ್ಟರು.

‘ಈಗ ನಾನು ಅರ್ಥ ಆಯ್ತಾ ಅಂತ ಯಾರನ್ನೂ ಕೇಳಲ್ಲ. ಒಂದು ಸಲ ನಾನು ಮಾಡಿ ತೋರಿಸ್ತೀನಿ, ಒಂದು ಸಲ ಅವರ ಕೈಲಿ ಮಾಡಿಸ್ತೀನಿ. ಬೈಯೋದಿದ್ರೆ ಬದಿಗೆ ಕರೆದು ಹೇಳ್ತೀನಿ. ಮನೆ ಬಿಟ್ಟು ಬಂದವನ ಹತ್ತಿರ ಮರ್ಯಾದೆ ಒಂದೇ ಇರೋದು, ಅದನ್ನೂ ನಾಲ್ಕು ಜನರ ಎದುರಿಗೆ ತೆಗೆದ್ರೆ ಅವನು ನಿಲ್ತಾನಾ?’ ಅಂದ. ಆಮೇಲೆ ಅಲ್ಲಿನ ಕ್ರಮ ಹೇಳಿದ. ವಾರದ ರಜೆ ಶುಕ್ರವಾರ, ಶನಿವಾರ. ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 12.30ರಿಂದ 3.30ರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ, ಅದು ಅಲ್ಲಿನ ಸರ್ಕಾರದ ನಿಯಮ. ನೇಪಾಳದವರಿಗೆ ದಸರಾ ಮುಖ್ಯ, ಬಾಂಗ್ಲಾದವರಿಗೆ ಈದ್. ಯಾರಿಗೆ ಯಾವ ದಿನ ಮನೆ ನೆನಪಾಗುತ್ತದೆ ಅಂತ ಬರೆದಿಟ್ಟುಕೊಂಡಿದ್ದಾನಂತೆ.

ಫೋನ್ ಇಟ್ಟ ಮೇಲೆ ನಮಗೆ ಹೊಳೆದದ್ದು ಇಷ್ಟು: ಮಸ್ಕತ್ತು ಅಣ್ಣನಿಗೆ ಹೇಗೋ, ಕೊಪ್ಪ ಆ ಹುಡುಗನಿಗೆ ಹಾಗೆ. ಪರದೇಶ ಅನ್ನುವುದಕ್ಕೆ ಪಾಸ್‌ಪೋರ್ಟೇ ಬೇಕಾಗಿಲ್ಲ.

ಹಾಗೆ ನೋಡಿದರೆ ಹೊರಗಿನವರು ನಮ್ಮ ಕಡೆಗೆ ಹೊಸಬರಲ್ಲ. ಹಿಂದೆ ಆಗುಂಬೆ ಘಾಟಿ ಹತ್ತಿ ಘಟ್ಟದ ಕೆಳಗಿನ ತುಳು ಮಾತಾಡುವವರು ತೋಟದ ಕೆಲಸಕ್ಕೆ ಬರುತ್ತಿದ್ದರು. ನರಸಿಂಹರಾಜಪುರದ ಕಡೆ ಕೇರಳದಿಂದ ಬಂದು ನೆಲೆಸಿ ರಬ್ಬರ್ ಬೆಳೆದವರ ಮಕ್ಕಳು ಇವತ್ತು ನಮ್ಮಷ್ಟೇ ಕನ್ನಡದವರು. ಅಲ್ಲಿನ ಪೇಟೆಯಲ್ಲಿ ಒಂದು ಟೀ ಕುಡಿಯುವಷ್ಟರಲ್ಲಿ ಕನ್ನಡ, ಮಲಯಾಳ, ತುಳು, ಉರ್ದು ಎಲ್ಲ ಕಿವಿಗೆ ಬೀಳುತ್ತದೆ. ಶೃಂಗೇರಿಯಲ್ಲಿರುವ ಅತ್ತೆಯ ಮನೆ ಹತ್ತಿರದ ಅಂಗಡಿಯವರು ಶಾರದಾಂಬೆಯ ದರ್ಶನಕ್ಕೆ ಬಂದ ಯಾತ್ರಿಗಳ ಹತ್ತಿರ ತೆಲುಗು, ತಮಿಳು ಎರಡರಲ್ಲೂ ವ್ಯಾಪಾರ ಮಾಡುತ್ತಾರೆ. ಕೊಳ್ಳಲು ಬಂದವರ ಭಾಷೆ ಕಲಿಯಲು ನಮಗೆ ಬರುತ್ತದೆ. ದುಡಿಯಲು ಬಂದವರ ಭಾಷೆ ಮಾತ್ರ ಬೇಡವಾಗಿತ್ತು.

ಅವನ ಸುಳಿವು ಸಿಕ್ಕಿದ್ದು ದೀಪಾವಳಿ ಹೊತ್ತಿಗೆ, ನರಸಿಂಹರಾಜಪುರದ ಮಾವನಿಂದ. ಮಾವನ ತೋಟದಲ್ಲಿ ಅದೇ ಜಿಲ್ಲೆಯ ಹಿರಿಯರೊಬ್ಬರು ಕೆಲಸಕ್ಕಿದ್ದಾರೆ. ಅವರನ್ನು ನೋಡಲು ಹೋದೆವು. ಅವರು ಹೇಳಿದ ಎರಡು ಮಾತು ಇವತ್ತಿಗೂ ಚುಚ್ಚುತ್ತದೆ.

ಒಂದು, ಆ ಹುಡುಗನ ಮನೆಮಾತು ಮುಂಡಾರಿ. ಹಿಂದಿ ಅವನು ಶಾಲೆಯಲ್ಲಿ, ಕೆಲಸದ ಜಾಗದಲ್ಲಿ ಕಲಿತದ್ದು. ಅಂದರೆ ಅವತ್ತು ಡ್ರಮ್ಮಿನ ಎದುರಿಗೆ ನಿಂತ ಎರಡೂ ಕಡೆಯವರು ತಮ್ಮದಲ್ಲದ ಭಾಷೆಯಲ್ಲಿ ಮಾತಾಡುತ್ತಿದ್ದೆವು. ಎರಡು, ದೊಡ್ಡವರು ಬೈಯುವಾಗ ಎದುರು ಮಾತಾಡಬಾರದು ಅಂತ ಅವನನ್ನು ಬೆಳೆಸಿದ್ದಾರೆ. ಅವನು ಸುಮ್ಮನಿದ್ದದ್ದು ನಮಗೆ ಕೊಟ್ಟ ಮರ್ಯಾದೆ. ನಮ್ಮ ಮನೆಯಲ್ಲೂ ಅಪ್ಪಯ್ಯ ಬೈದರೆ ನಾವು ನಿಲ್ಲುವುದು ಹಾಗೇ ಅಲ್ಲವಾ?

ಅವರೇ ಇನ್ನೊಂದು ವಿಷಯ ಮೆಲ್ಲಗೆ ಹೇಳಿದರು: ‘ತೂ’ ಅನ್ನಬೇಡಿ. ಸಿನಿಮಾದಲ್ಲಿ ಕೇಳಿ ಕಲಿತ ‘ತೂ’ ನಮಗೆ ‘ನೀನು’ ಅಷ್ಟೇ ಆಗಿತ್ತು. ಹೊರಗಿನವರ ಬಾಯಲ್ಲಿ ಅದು ‘ಏನೋ, ಬಾರೋ’ ಅಂದ ಹಾಗೆ. ಈಗ ‘ಆಪ್’ ಅನ್ನುತ್ತೇವೆ.

ಆಮೇಲಿನ ವರ್ಷ ಅಸ್ಸಾಮಿನ ಗಂಡ ಹೆಂಡತಿ ತಾವಾಗಿಯೇ ವಾಪಸ್ ಬಂದರು. ಜೊತೆಗೆ ಇನ್ನಿಬ್ಬರು ಹೊಸಬರು. ಈ ಸಲ ಮೊದಲ ದಿನ ಆಧಾರ್ ಜೆರಾಕ್ಸಿಗಿಂತ ಮೊದಲು ಹೆಸರು ಕೇಳಿದೆವು, ಸರಿಯಾಗಿ ಉಚ್ಚರಿಸಲು ಬರುವವರೆಗೆ ಹೇಳಿಸಿಕೊಂಡೆವು. ಔಷಧಿ ಕಲಸುವುದನ್ನು ಒಂದು ಡ್ರಮ್ ನಾವೇ ಮಾಡಿ ತೋರಿಸಿ, ಎರಡನೆಯದನ್ನು ಅವರಿಂದ ಮಾಡಿಸಿದೆವು. ಕತ್ತಿ ಅದ್ದಿ ನೋಡುವ ಕೆಲಸವನ್ನು ಅವರಿಗೇ ಒಪ್ಪಿಸಿದೆವು. ಅಲಗಿನ ಕೆಂಪಿಗೆ ಭಾಷೆ ಬೇಕಾಗಿಲ್ಲ. ಕೂಲಿಯ ಲೆಕ್ಕ ಎರಡು ಪುಸ್ತಕದಲ್ಲಿ, ಒಂದು ನಮ್ಮ ಹತ್ತಿರ, ಒಂದು ಅವರ ಹತ್ತಿರ.

ಮೊದಲೆಲ್ಲ ಸಾಸಿವೆ ಎಣ್ಣೆಯ ವಾಸನೆಗೆ ಅಮ್ಮ ಮೂಗು ಮುಚ್ಚುತ್ತಿದ್ದರು. ಒಂದು ದಿನ ಅಸ್ಸಾಮಿನಾಕೆ ಅಂಗಳದಲ್ಲಿ ಬಿದ್ದ ಗೋಟಡಿಕೆ ತೋರಿಸಿ ‘ತಾಮೂಲ್’ ಅಂದಳು. ಅಮ್ಮನಿಗೆ ತಾಂಬೂಲ ಅಂತ ಕೇಳಿಸಿತು. ಎರಡೂ ಒಂದೇ! ಅಲ್ಲಿ ಮನೆಗೆ ಬಂದವರಿಗೆ ಮೊದಲು ಕೊಡುವುದು ತಾಮೂಲ್, ಅಂದರೆ ಅಡಿಕೆ, ಜೊತೆಗೆ ವೀಳ್ಯದೆಲೆ. ಬೇಯಿಸಿ ಚೊಗರು ಹಾಕಿದ ನಮ್ಮ ಕೆಂಪಡಿಕೆ ಅವರಿಗೆ ರುಚಿಯಿಲ್ಲ, ಹಸಿಯದೇ ಆಗಬೇಕು. ಈಗ ಅಮ್ಮ ವಾರಕ್ಕೊಮ್ಮೆ ಹಣ್ಣಡಿಕೆ, ಎಲೆ ತೆಗೆದಿಟ್ಟು ಕೊಡುತ್ತಾರೆ. ಏಪ್ರಿಲ್ ಮಧ್ಯದಲ್ಲಿ ಅವರ ಬಿಹು. ಘಟ್ಟದ ಕೆಳಗಿನ ಬಿಸು, ಮಲಯಾಳಿಗಳ ವಿಷು ಬರುವುದೂ ಅದೇ ಹೊತ್ತಿಗೆ. ಆ ದಿನ ಕೂಲಿ ಕಡಿತವಿಲ್ಲದ ರಜೆ.

ಇದೆಲ್ಲ ಮಾಡಿ ನಾವು ದೊಡ್ಡವರಾಗಿಬಿಟ್ಟೆವು ಅಂತಲ್ಲ. ಈಗಲೂ ತಪ್ಪುತ್ತೇವೆ. ಮೊನ್ನೆಯೂ ಅವಸರದಲ್ಲಿ ‘ಸಮ್ಜಾ?’ ಅಂದು ನಾಲಿಗೆ ಕಚ್ಚಿಕೊಂಡೆವು. ಆದರೆ ತೋಟ ನಡೆಸುವುದು ಅಂದರೆ ಹೇಳುವುದಲ್ಲ, ಹೇಳಿದ್ದು ಎಲ್ಲಿಗೆ ಮುಟ್ಟಿತು ಅಂತ ನೋಡುವುದು ಅನ್ನುವಷ್ಟು ಗೊತ್ತಾಗಿದೆ.

ನಿಮ್ಮ ತೋಟದಲ್ಲೂ ಇಂಥವರು ಇದ್ದರೆ ಒಂದು ವಿಷಯ. ಅವರ ಊರಿನ ರೇಷನ್ ಕಾರ್ಡಿಗೆ ನಮ್ಮ ನ್ಯಾಯಬೆಲೆ ಅಂಗಡಿಯಲ್ಲೂ ಪಡಿತರ ಸಿಗಬೇಕು. ‘ಒಂದು ದೇಶ, ಒಂದು ಪಡಿತರ ಚೀಟಿ’ ಯೋಜನೆಗೆ 2022ರಲ್ಲಿ ಅಸ್ಸಾಂ ಸೇರಿದ ಮೇಲೆ ಎಲ್ಲ ರಾಜ್ಯಗಳೂ ಬಂದಿವೆ. ಬಹಳ ಜನರಿಗೆ ಇದು ಗೊತ್ತಿಲ್ಲ. ಗೊತ್ತಿದ್ದವರಿಗೂ ಅಂಗಡಿಯಲ್ಲಿ ಕೇಳಲು ಭಾಷೆ ಇಲ್ಲ. ಜೊತೆಗೆ ಹೋಗಿ ಒಂದು ಮಾತು ಹೇಳಿ, ಸಾಕು.

ಆ ಹುಡುಗ ಈಗ ಕೇರಳದ ಪೆರುಂಬಾವೂರಿನಲ್ಲಿ ಪ್ಲೈವುಡ್ ಕೆಲಸದಲ್ಲಿದ್ದಾನೆ. ಮಾವನ ತೋಟದ ಹಿರಿಯರು ನಂಬರ್ ಕೊಟ್ಟರು. ಹದಿನಾಲ್ಕು ದಿನದ ಕೂಲಿ ಪೂರ್ತಿ, ಕಟ್ ಮಾಡುತ್ತೇವೆ ಅಂದಿದ್ದ ಮೂರು ದಿನದ್ದೂ ಸೇರಿಸಿ, ಫೋನಿನಲ್ಲೇ ಕಳಿಸಿದೆವು. ಅವನ ಜೊತೆ ಹೋದವನದ್ದನ್ನೂ ಕಳಿಸಿದೆವು. ಆಮೇಲೆ ಕರೆ ಮಾಡಿ, ಹೆಸರು ಹಿಡಿದು ಮಾತಾಡಿಸಿ, ತಪ್ಪು ನಮ್ಮದು ಅಂದೆವು. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ಕಾಯಿ ಎಷ್ಟು ನಿಂತಿತು ಅಂತ ಕೇಳಿದ.

ಮುಂದಿನ ಮಳೆಗಾಲಕ್ಕೆ ಬನ್ನಿ ಅಂದೆವು.

‘ಹಾಂ’ ಅಂದ.

ಹೊರಟಿದ್ದಾನೆ ಅಂತ ನಾವು ತಿಳಿದುಕೊಂಡಿಲ್ಲ. ಲೈನ್ ಮನೆಯ ಒಂದು ಕೋಣೆ ಮಾತ್ರ ಸುಣ್ಣ ಬಳಿದು ಇಟ್ಟಿದ್ದೇವೆ.