ನೀರಿನ ಹದ

ಸಂಜೆ ಮನೆಯೊಳಗಿನ ಈಜುಕೊಳದ ಅಂಚಿನಲ್ಲಿ ಕೂತು, ಮೊಣಕೈ ಮುಳುಗುವಷ್ಟು ಆಳದಿಂದ ಚಿಕ್ಕ ಕೊಳವೆಗೆ ನೀರು ತುಂಬಿ, ಫಿನಾಲ್ ರೆಡ್ ಹನಿ ಬಿಟ್ಟು ಬೆಳಕಿಗೆ ಹಿಡಿಯುವುದು ನನಗೆ ಈಜಿನಷ್ಟೇ ಇಷ್ಟ. ಬಣ್ಣ ಹಳದಿಯಾದರೆ ನೀರು ಆಮ್ಲದ ಕಡೆ ವಾಲಿದೆ, ಕಡುಗೆಂಪಾದರೆ ಕ್ಷಾರದ ಕಡೆ. ನಡುವಿನ ಕಿತ್ತಳೆಗೆಂಪು ಮೂಡಿದರೆ ಪಿಎಚ್ 7.4ರ ಆಸುಪಾಸು. ನಮ್ಮ ಕಣ್ಣೀರಿನ ಪಿಎಚ್ ಕೂಡ ಹೆಚ್ಚುಕಡಿಮೆ ಅಷ್ಟೇ. ಆ ಬಣ್ಣ ಕಂಡ ದಿನ ಮನಸ್ಸು ತಿಳಿಯಾಗುತ್ತದೆ.

ದಾವಣಗೆರೆಯಲ್ಲಿ ಕೊಳ ಇಟ್ಟುಕೊಂಡವರು ಮೊದಲು ತಿಳಿಯಬೇಕಾದದ್ದು ನೀರಿನ ಮೂಲ. ನಲ್ಲಿಗೆ ಬರುವುದು ಹರಿಹರದ ಬಳಿ ರಾಜನಹಳ್ಳಿಯಲ್ಲಿ ಎತ್ತುವ ತುಂಗಭದ್ರೆಯ ನೀರು, ಇಲ್ಲವೇ ಭದ್ರಾ ನಾಲೆಯಿಂದ ಕುಂದವಾಡ ಕೆರೆ ಸೇರುವ ನೀರು. ಎರಡೂ ಮಲೆನಾಡಿನ ಮಳೆಯಿಂದ ಬಂದವು, ಮೆದು. ಬೋರಿನದು ಸವಳು. ಅದರಲ್ಲಿ ಬೇಳೆ ಬೇಗ ಬೇಯುವುದಿಲ್ಲ, ಸೋಪು ನೊರೆ ಬಿಡುವುದಿಲ್ಲ, ಬಕೆಟ್ಟಿನ ಒಳಮೈಗೆ ಬಿಳಿ ಪೊರೆ ಕಟ್ಟುತ್ತದೆ. ಆದರೂ ಊರಿನ ಕುಡಿಯುವ ನೀರನ್ನು ಈಜಿಗೆ ಬಳಸಲು ನನಗೆ ಮನಸ್ಸಿಲ್ಲ. ನನ್ನ ಕೊಳಕ್ಕೆ ಬೋರಿನ ನೀರು, ಮಳೆಗಾಲದಲ್ಲಿ ತಾರಸಿಯಿಂದ ಸೋಸಿ ಇಳಿಸಿದ ಮಳೆನೀರು. ಇವೆರಡನ್ನೂ ಬೆರೆಸಿ ಹದಕ್ಕೆ ತರುವುದರಲ್ಲೇ ಈ ಹವ್ಯಾಸದ ರುಚಿಯೆಲ್ಲ ಇದೆ.

ಕೊಳದ ನೀರಿನಲ್ಲಿ ಕ್ಯಾಲ್ಸಿಯಂ ಗಡಸುತನ 200ರಿಂದ 400 ಪಿಪಿಎಂ ಇರಬೇಕು. ಮೀರಿದರೆ ಟೈಲ್ಸಿಗೆ ಸುಣ್ಣ ಕಟ್ಟುತ್ತದೆ. ತೀರಾ ಕಡಿಮೆಯಾದರೆ ಹಸಿದ ನೀರು ಟೈಲ್ಸ್ ಸಂದಿನ ಸಿಮೆಂಟನ್ನೇ ತಿನ್ನುತ್ತದೆ. ನೀರು ಸುಣ್ಣ ಬಿಡುತ್ತದೋ ಕರಗಿಸುತ್ತದೋ ಎಂಬುದನ್ನು ಲೆಕ್ಕ ಹಾಕಿ ಹೇಳುವ ಸೂಚ್ಯಂಕವನ್ನು 1936ರಲ್ಲಿ ಅಮೆರಿಕದ ವಿಲ್ಫ್ರೆಡ್ ಲ್ಯಾಂಗ್ಲಿಯರ್ ಕೊಟ್ಟರು. ಅವರ ಚಿಂತೆ ಇದ್ದದ್ದು ನೀರು ಸರಬರಾಜಿನ ಕೊಳವೆಗಳದು. ಇಂದು ಅದೇ ಲೆಕ್ಕ ಈಜುಕೊಳವನ್ನೂ ಕಾಯುತ್ತಿದೆ.

ಕೆಲಸಕ್ಕೊಂದು ಕ್ರಮವಿದೆ: ಮೊದಲು ಕ್ಷಾರತೆ, ಆಮೇಲೆ ಪಿಎಚ್, ಕೊನೆಗೆ ಕ್ಲೋರಿನ್. ಕ್ಷಾರತೆ 80ರಿಂದ 120 ಪಿಪಿಎಂ ಇದ್ದರೆ ಪಿಎಚ್ ಅತ್ತಿತ್ತ ಜಿಗಿಯುವುದಿಲ್ಲ. ಬೋರಿನ ನೀರಿನಲ್ಲಿ ಬೈಕಾರ್ಬೊನೇಟ್ ಹೆಚ್ಚು. ಪಂಪು ನೀರನ್ನು ತಿರುಗಿಸಿದಂತೆಲ್ಲ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಪಿಎಚ್ ಏರುತ್ತದೆ, ಆಗ ಒಂದಿಷ್ಟು ಆಸಿಡ್ ಬೇಕಾಗುತ್ತದೆ. ಮಳೆನೀರು ಸೇರಿಸಿದ ಮೇಲೆ ಕ್ಷಾರತೆ ತಗ್ಗುತ್ತದೆ, ಆಗ ಅಡಿಗೆ ಸೋಡಾ. 30 ಸಾವಿರ ಲೀಟರಿಗೆ ಅರ್ಧ ಕಿಲೋ ಸೋಡಾ ಹಾಕಿದರೆ ಕ್ಷಾರತೆ 10 ಪಿಪಿಎಂ ಏರುತ್ತದೆ. ಹಾಕಿ, ಪಂಪು ಓಡಿಸಿ, ಮಾರನೆಯ ದಿನ ಮತ್ತೆ ಅಳೆಯಬೇಕು. ಆ ಒಂದು ರಾತ್ರಿ ಕಾಯುವುದೂ ನನಗೆ ಹಿತವೇ.

ಪಿಎಚ್ ಹದದಲ್ಲಿದ್ದರೆ ಕ್ಲೋರಿನ್ನಿನ ಕಸುವೂ ಉಳಿಯುತ್ತದೆ. ರೋಗಾಣುಗಳನ್ನು ಕೊಲ್ಲುವ ಹೈಪೋಕ್ಲೋರಸ್ ಆಮ್ಲ ಪಿಎಚ್ 7.5ರಲ್ಲಿ ಅರ್ಧದಷ್ಟಿದ್ದರೆ, 8ಕ್ಕೇರಿದಾಗ ಕಾಲು ಭಾಗಕ್ಕೆ ಇಳಿಯುತ್ತದೆ. ಹರಿಹರದಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಗುಡಿಯಲ್ಲಿ ಶಿವನೂ ವಿಷ್ಣುವೂ ಒಂದೇ ವಿಗ್ರಹದಲ್ಲಿ ಅರ್ಧರ್ಧ ನಿಂತಿದ್ದಾರೆ, ಒಬ್ಬರು ಇನ್ನೊಬ್ಬರನ್ನು ಮರೆಸುವುದಿಲ್ಲ. ಆಮ್ಲ ಕ್ಷಾರಗಳು ಹಾಗೆ ಹೊಂದಿಕೊಂಡು ನಿಂತ ನೀರೇ ಒಳ್ಳೆಯ ನೀರು.

ಸೂರಿನಡಿಯ ಕೊಳದ ರೀತಿಯೇ ಬೇರೆ. ಬಿಸಿಲು ಬೀಳದ ಕಾರಣ ಕ್ಲೋರಿನ್ ಬೇಗ ಒಡೆದು ವ್ಯರ್ಥವಾಗುವುದಿಲ್ಲ, ಬಿಸಿಲಿನಿಂದ ಅದನ್ನು ಕಾಯುವ ಸಯನ್ಯೂರಿಕ್ ಆಮ್ಲವೂ ಬೇಕಿಲ್ಲ. ಆದರೆ ಗಾಳಿಯಾಡದಿದ್ದರೆ ಮೂಗಿಗೆ ಘಾಟು ಹೊಡೆಯುತ್ತದೆ. ಅದನ್ನು ಶುಚಿಯ ಗುರುತೆಂದು ತಿಳಿಯುವವರಿದ್ದಾರೆ. ನಿಜಕ್ಕೂ ಅದು ಬೆವರು, ಮೂತ್ರಗಳ ಜೊತೆ ಕ್ಲೋರಿನ್ ಸೇರಿ ಹುಟ್ಟುವ ಕ್ಲೋರಮೈನುಗಳ ವಾಸನೆ. ಚೆನ್ನಾಗಿಟ್ಟ ಕೊಳಕ್ಕೆ ಘಾಟು ಇರುವುದಿಲ್ಲ. ಅದಕ್ಕೇ ನಮ್ಮಲ್ಲಿ ಎಣ್ಣೆತಲೆಯವರಾಗಲಿ, ಬೆವರಿ ಬಂದವರಾಗಲಿ ಮೈ ತೊಳೆದೇ ಇಳಿಯುತ್ತಾರೆ. ಕಿಟಕಿಗಳು ತೆರೆದಿರುತ್ತವೆ.

ಹದದಲ್ಲಿರುವ ನೀರನ್ನು ಖಾಲಿ ಮಾಡುವ ಪ್ರಮೇಯ ಬಲು ಅಪರೂಪ. ಮರಳಿನ ಫಿಲ್ಟರ್ ತೊಳೆದ ನೀರನ್ನು ತೊಟ್ಟಿಯಲ್ಲಿ ನಿಲ್ಲಿಸಿ, ಕ್ಲೋರಿನ್ ಹೋದ ಮೇಲೆ ತೆಂಗಿಗೆ ಬಿಡುತ್ತೇನೆ. 2023ರಂಥ ಬರ ಕಂಡ ನಾಡಿನಲ್ಲಿ ಮನೆಯೊಳಗೆ ಕೊಳ ಇಟ್ಟುಕೊಂಡವರ ಮೇಲೆ ಇಷ್ಟಾದರೂ ಹೊಣೆ ಇದ್ದೇ ಇದೆ.

ನೀವೂ ಕೊಳ ಇಟ್ಟುಕೊಂಡಿದ್ದರೆ ಎರಡು ಮಾತು ನೆನಪಿಡಿ. ಆಸಿಡನ್ನು ನೀರಿಗೆ ಹಾಕಿ, ಆಸಿಡ್ಡಿಗೆ ನೀರು ಸುರಿಯಬೇಡಿ. ಅದನ್ನು ಬ್ಲೀಚಿಂಗ್ ಪೌಡರಿನ ಹತ್ತಿರವೂ ಇಡಬೇಡಿ, ಎರಡೂ ಸೇರಿದರೆ ವಿಷದ ಗಾಳಿ ಏಳುತ್ತದೆ. ಇನ್ನು, ಏನನ್ನೇ ಸುರಿಯುವ ಮೊದಲು ಅಳೆಯಿರಿ.